ಭೋಸರಿಯಿಂದ ದಾಂಡೇಲಿ: ನೀರು ಬಿಡುವ ಹೊತ್ತು

ಡಿಸೆಂಬರ್ ಹತ್ತಿರ ಬಂತೆಂದರೆ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ರಜೆಯದೇ ಮಾತು. ಒಬ್ಬರು ಬಾಲಿ ಅನ್ನುತ್ತಾರೆ, ಇನ್ನೊಬ್ಬರು ಫುಕೆಟ್, ಮತ್ತೊಬ್ಬರು ಅಂಡಮಾನಿನಲ್ಲಿ ಸ್ಕೂಬಾ. ಕೇಳಿ ನೋಡಿದರೆ ಎಲ್ಲರಿಗೂ ಬೇಕಾದದ್ದು ಹೆಚ್ಚುಕಡಿಮೆ ಒಂದೇ: ದಟ್ಟ ಕಾಡು, ಹರಿಯುವ ನೀರು, ಎದೆ ಝಲ್ಲೆನ್ನಿಸುವ ಒಂದೆರಡು ಆಟ, ಮತ್ತು ಮ್ಯಾನೇಜರ್ ಫೋನ್ ಮಾಡಿದರೆ 'ಸಿಗ್ನಲ್ ಇರಲಿಲ್ಲ ಸರ್' ಎಂದು ಸುಳ್ಳಿಲ್ಲದೆ ಹೇಳಬಹುದಾದ ಜಾಗ. ಈ ನಾಲ್ಕೂ ಭೋಸರಿಯಿಂದ ಸುಮಾರು 450 ಕಿ.ಮೀ. ದೂರದಲ್ಲಿ, ಪಾಸ್‌ಪೋರ್ಟ್ ಇಲ್ಲದೆ, ಕನ್ನಡ ಮಾತಾಡಿಕೊಂಡೇ ಸಿಗುತ್ತವೆ. ಅದು ಉತ್ತರ ಕನ್ನಡ ಜಿಲ್ಲೆಯ ದಾಂಡೇಲಿ.

ಪುಣೆ, ಮುಂಬಯಿ, ಬೆಂಗಳೂರಿನವರಿಗೆ ದಾಂಡೇಲಿ ಎಂದರೆ ಕಾಳಿ ನದಿಯ ರಾಫ್ಟಿಂಗ್. ನಮ್ಮ ಬಾಗಲಕೋಟೆ ಕಡೆಯವರಿಗೆ ಅದು ಮೊದಲು ಉಳವಿಯ ದಾರಿ. ಕಲ್ಯಾಣದ ಗಲಭೆಯ ನಂತರ ಶರಣರೊಂದಿಗೆ ಹೊರಟ ಚನ್ನಬಸವಣ್ಣ ಐಕ್ಯನಾದ ಸ್ಥಳ ಉಳವಿ. ಮಾಘ ಮಾಸದ ಜಾತ್ರೆಗೆ ಧಾರವಾಡ, ಬೆಳಗಾವಿ ಸೀಮೆಯಿಂದ ಇಂದಿಗೂ ಚಕ್ಕಡಿ ಕಟ್ಟಿಕೊಂಡು ಹೋಗುತ್ತಾರೆ. ಹೀಗಾಗಿ ಕಳೆದ ಡಿಸೆಂಬರಿನಲ್ಲಿ ನಾವು ಹೊರಟಾಗ ಒಂದೇ ಕಾರಿನಲ್ಲಿ ಎರಡು ಪ್ರವಾಸ ಇದ್ದವು. ನನಗೆ, ಹೆಂಡತಿಗೆ, ಹತ್ತು ವರ್ಷದ ಮಗನಿಗೆ ಸಾಹಸ. ಅವ್ವನಿಗೆ ಉಳವಿಯ ದರ್ಶನ. 'ನೀವು ಹೊಳ್ಯಾಗ ಜಿಗೀರಿ, ನನ್ನ ಮಾತ್ರ ಗುಡಿಗೆ ಮುಟ್ಟಸ್ರಿ' ಎಂಬ ಕರಾರಿನ ಮೇಲೆ ಆಕೆ ಕಾರು ಹತ್ತಿದಳು.

ನಸುಕಿನಲ್ಲಿ ಭೋಸರಿ ಬಿಟ್ಟು ಸಾತಾರಾ, ಕರಾಡ, ಕೊಲ್ಹಾಪುರ ದಾಟಿದರೆ ನಿಪ್ಪಾಣಿಯ ಹತ್ತಿರ ಕನ್ನಡದ ಫಲಕಗಳು ಶುರುವಾಗುತ್ತವೆ. ಮಗ ಅವನ್ನು ಕೂಡಿಸಿ ಕೂಡಿಸಿ ಓದುತ್ತಿದ್ದ. ಪುಣೆಯಲ್ಲಿ ಬೆಳೆಯುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಕನ್ನಡ ಶಾಲೆ ನನಗೆ ಗೊತ್ತಿಲ್ಲ. ಬೆಳಗಾವಿಯಿಂದ ಎರಡು ದಾರಿಗಳಿವೆ. ಒಂದು ಅಳ್ನಾವರ, ಹಳಿಯಾಳದ ಮೇಲೆ. ಇನ್ನೊಂದು ಖಾನಾಪುರ, ಲೋಂಡಾ, ರಾಮನಗರ, ಜಗಲಬೇಟದ ಮೇಲೆ. ನಾವು ಎರಡನೆಯದನ್ನು ಹಿಡಿದೆವು. ಖಾನಾಪುರ ದಾಟಿದ ಮೇಲೆ ಕಬ್ಬು, ಜೋಳ ಹಿಂದೆ ಉಳಿದು ಎರಡೂ ಬದಿಗೆ ಕಾಡು ಬರುತ್ತದೆ. ಕಾರಿನ ಎ.ಸಿ. ಆರಿಸಿ ಕಿಟಕಿ ಇಳಿಸಿದೆವು.

ರಾಮನಗರದಲ್ಲಿ ಚಹಾಕ್ಕೆ ನಿಂತೆವು. ರಸ್ತೆ ಬದಿಯ ಸಾಧಾರಣ ಊರು. ಕೊಂಕಣಿ, ಮರಾಠಿ, ಕನ್ನಡ ಮೂರೂ ಒಂದೇ ಅಂಗಡಿಯ ಕಟ್ಟೆಯ ಮೇಲೆ ಕೇಳುತ್ತವೆ. ಪ್ರವಾಸಿಗರು ಇಲ್ಲಿ ನಿಲ್ಲುವುದು ಚಹಾಕ್ಕೆ ಇಲ್ಲವೇ ಪೆಟ್ರೋಲಿಗೆ. ಆದರೆ ದಾಂಡೇಲಿಯ ಕಥೆ ಶುರುವಾಗುವುದು ಇಲ್ಲಿಂದಲೇ. ಸೂಪಾ ಅಣೆಕಟ್ಟಿನ ನೀರಿನಲ್ಲಿ ಮುಳುಗಿದ ಊರುಗಳ ಜನರಿಗೆಂದು ಕಟ್ಟಿದ ಊರು ಇದು. ಸೂಪಾ ಮೊದಲು ಒಂದು ತಾಲೂಕಿನ ಹೆಸರು, ಆ ತಾಲೂಕಿನ ಮುಖ್ಯ ಊರಿನ ಹೆಸರು. ಊರು ನೀರಿನ ಕೆಳಗೆ ಹೋಯಿತು, ತಾಲೂಕಿಗೆ ಜೋಯಿಡಾ ಎಂಬ ಹೆಸರು ಬಂತು. ಸೂಪಾ ಎಂಬ ಹೆಸರು ಈಗ ಹೆಚ್ಚಾಗಿ ಅಣೆಕಟ್ಟಿಗೆ ಅಂಟಿಕೊಂಡು ಉಳಿದಿದೆ.

ನಾವು ಇಳಿದುಕೊಂಡದ್ದು ಗಣೇಶಗುಡಿಯ ಹತ್ತಿರದ ಒಂದು ಹೋಂಸ್ಟೇಯಲ್ಲಿ. ರಾತ್ರಿ ಊಟಕ್ಕೆ ಅನ್ನ, ಸಾರು, ಜೊತೆಗೆ ಒಂದು ಗಡ್ಡೆಯ ಪಲ್ಯ. ಜೋಯಿಡಾದ ಕುಣಬಿಗಳು ಹತ್ತಾರು ಬಗೆಯ ಗಡ್ಡೆ ಗೆಣಸು ಬೆಳೆಯುತ್ತಾರೆ; ಚಳಿಗಾಲದಲ್ಲಿ ಜೋಯಿಡಾದಲ್ಲಿ ಅದಕ್ಕೆಂದೇ ಮೇಳ ನಡೆಯುತ್ತದೆ. ಪನೀರ್ ಸಿಗಲಿಲ್ಲವೆಂದು ಮುಖ ಸಣ್ಣ ಮಾಡಿಕೊಂಡಿದ್ದ ಮಗ ಎರಡು ಸಲ ಪಲ್ಯ ಹಾಕಿಸಿಕೊಂಡ.

ಮರುದಿನ ಬೆಳಗ್ಗೆ ಮೊದಲು ಹೋದದ್ದು ದಾಂಡೇಲಿ ಊರಿಗೆ, ಮಂಗಟ್ಟೆ ಹಕ್ಕಿ ನೋಡಲು. ದಾಂಡೇಲಿ ಒಂದು ಕಡೆಗೆ ಕಾರ್ಖಾನೆಯ ಊರು. 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆ ಇಲ್ಲಿದೆ. ಇನ್ನೊಂದು ಕಡೆಗೆ ಹುಲಿಯ ಕಾಡು. ದಾಂಡೇಲಿ ಅಭಯಾರಣ್ಯ, ಅಣಶಿ ರಾಷ್ಟ್ರೀಯ ಉದ್ಯಾನ ಎರಡೂ ಸೇರಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. 2015ರಿಂದ ಅದರ ಹೆಸರು ಕಾಳಿ. ಹುಲಿ ಕಾಣುವುದು ಅಪರೂಪ, ಕಪ್ಪು ಚಿರತೆ ಇನ್ನೂ ಅಪರೂಪ. ಮಂಗಟ್ಟೆ ಹಾಗಲ್ಲ. ಮರದ ಡಿಪೋದ ಸುತ್ತಲಿನ ದೊಡ್ಡ ಮರಗಳಲ್ಲಿ ಬೆಳಗಿನ ಹೊತ್ತು ಅರ್ಧ ತಾಸು ತಾಳ್ಮೆಯಿಂದ ನಿಂತರೆ ಸಾಕು. ಅದು ಹಾರುವಾಗ ರೆಕ್ಕೆಯ ಸದ್ದು ಯಾರೋ ದೊಡ್ಡ ಬೀಸಣಿಗೆ ಬೀಸಿದಂತೆ ತಲೆಯ ಮೇಲೆ ಕೇಳುತ್ತದೆ.

ಈ ಹಕ್ಕಿಯ ಸಂಸಾರ ಕೇಳಿ ಅವ್ವ ಬೆರಗಾದಳು. ಮೊಟ್ಟೆ ಇಡುವ ಕಾಲಕ್ಕೆ ಹೆಣ್ಣು ಮರದ ಪೊಟರೆಯೊಳಗೆ ಹೊಕ್ಕು ಬಾಯಿಯನ್ನು ಮುಚ್ಚಿಕೊಳ್ಳುತ್ತದೆ, ಕೊಕ್ಕು ಹೊರಗೆ ಚಾಚುವಷ್ಟು ಸಂದಿ ಮಾತ್ರ ಬಿಡುತ್ತದೆ. ಗಂಡು ವಾರಗಟ್ಟಲೆ ಆಲ, ಅತ್ತಿಯ ಹಣ್ಣು ತಂದು ಆ ಸಂದಿಯಿಂದ ಉಣಿಸುತ್ತದೆ. ಇಷ್ಟು ದೊಡ್ಡ ಪೊಟರೆ ಆಗಲು ಮರಕ್ಕೆ ಬಹಳ ವಯಸ್ಸಾಗಿರಬೇಕು. ಹಳೆಯ ಮರ ಹೋದರೆ ಹೊಸದಾಗಿ ನೆಟ್ಟ ಸಸಿ ಆ ಹಕ್ಕಿಯ ಉಪಯೋಗಕ್ಕೆ ಬರುವುದಿಲ್ಲ. ಇಷ್ಟನ್ನು ಕೇಳಿ ಅವ್ವ 'ಮನಿ ಅಂದ್ರ ಹಂಗ ಇರತೈತಿ' ಎಂದಳು. ಹಕ್ಕಿಯ ಬಗ್ಗೆಯೇ ಹೇಳಿದಳೆಂದು ಆಗ ಅಂದುಕೊಂಡಿದ್ದೆ.

ಇನ್ನು ರಾಫ್ಟಿಂಗ್. ಬುಕ್ ಮಾಡುವಾಗ ಸಮಯ ಕೇಳಿದರೆ ಅವರು ಹೇಳುವುದು 'ನೀರು ಬಿಟ್ಟ ಮೇಲೆ' ಎಂದು. ಹೊಳೆಯಲ್ಲಿ ನೀರು ಬಿಡುವುದು ಎಂದರೇನು ಎಂದು ಮಗನ ಪ್ರಶ್ನೆ. ದಂಡೆಗೆ ಹೋದಾಗ ಬಂಡೆಗಳ ನಡುವೆ ನೀರು ಸುಮ್ಮನೆ ಮಲಗಿತ್ತು. ಹೆಲ್ಮೆಟ್, ಲೈಫ್ ಜಾಕೆಟ್ ಕಟ್ಟಿಕೊಂಡು ಮದುವೆಗೆ ಬಂದ ಬೀಗರ ಹಾಗೆ ಸಾಲಾಗಿ ಕೂತು ಕಾದೆವು. ಸ್ವಲ್ಪ ಹೊತ್ತಿಗೆ ಮೊದಲು ಸದ್ದು ಬದಲಾಯಿತು. ಆಮೇಲೆ ಒಣಗಿದ್ದ ಸಣ್ಣ ಬಂಡೆಗಳು ಒಂದೊಂದಾಗಿ ಕಾಣದಾದವು. ನಮ್ಮ ಗೈಡ್ ಎದ್ದು ನಿಂತು 'ಚಲೋ, ನೀರ ಬಂತು' ಎಂದ.

ವಯಸ್ಸಿನ ನಿಯಮದ ಪ್ರಕಾರ ಮಗನಿಗೆ ರಾಫ್ಟ್ ಹತ್ತುವ ಅವಕಾಶ ಇರಲಿಲ್ಲ. ಅವನು ನಿಂತ ನೀರಿನಲ್ಲಿ ಕಯಾಕ್ ಹುಟ್ಟು ಹಾಕುತ್ತ ಉಳಿದ, ಅವ್ವ ದಂಡೆಯ ಮೇಲೆ ಅವನ ಕಾವಲು ಕೂತಳು. ನಾನೂ ಹೆಂಡತಿಯೂ ರಾಫ್ಟಿನ ಅಂಚಿಗೆ ಕಾಲು ಸಿಕ್ಕಿಸಿಕೊಂಡು ಕೂತೆವು. 'ಫಾರ್ವರ್ಡ್' ಅಂದರೆ ಎಲ್ಲರೂ ಹುಟ್ಟು ಮುಂದಕ್ಕೆ ಹಾಕಬೇಕು, 'ಗೆಟ್ ಡೌನ್' ಅಂದರೆ ರಾಫ್ಟಿನೊಳಗೆ ಕುಸಿದು ಕೂರಬೇಕು. ಮೊದಲ ಇಳಿಜಾರಿನಲ್ಲಿ ರಾಫ್ಟಿನ ಮೂತಿ ಕೆಳಗೆ ಹೋಗಿ, ಎದುರಿನ ಅಲೆ ಮುಖಕ್ಕೆ ಬಡಿದು, ಮತ್ತೆ ಮೇಲೆ ಎದ್ದಾಗ ನನ್ನ ಹೆಂಡತಿ ಹದಿನಾಲ್ಕು ವರ್ಷದ ಸಂಸಾರದಲ್ಲಿ ಒಮ್ಮೆಯೂ ಕೂಗದಷ್ಟು ಜೋರಾಗಿ ಕೂಗಿದಳು. ಭಯಕ್ಕಲ್ಲ, ಖುಷಿಗೆ. ಎರಡನೆಯದಕ್ಕೆ ನಾನೂ ಕೂಗಿದೆ. ಇಡೀ ವರ್ಷ ಕಂಪ್ಯೂಟರಿನ ಮುಂದೆ ಬಗ್ಗಿ ಕೂತ ಬೆನ್ನಿಗೆ ಇಂಥದೊಂದು ಬೇಕು. ಇದರಲ್ಲಿ ನನಗೆ ಎರಡು ಮಾತಿಲ್ಲ.

ಅಲೆ ತಣ್ಣಗಾದ ಕಡೆ ಗೈಡ್ ಜೊತೆ ಮಾತಿಗಿಳಿದೆ. ಇಪ್ಪತ್ತೈದರ ಒಳಗಿನ ಹುಡುಗ, ರಾಮನಗರದವನು. ಈ ನೀರು ಯಾವಾಗ ಬರುತ್ತದೆ, ಯಾರು ಬಿಡುತ್ತಾರೆ ಎಂದು ಕೇಳಿದೆ. 'ಕರೆಂಟ್ ಬೇಕಾದಾಗ ಬರತದ ಸರ್' ಎಂದು ನಕ್ಕ.

ಅವನ ಮಾತು ಅಕ್ಷರಶಃ ನಿಜ. ನಾವು ತೇಲುತ್ತಿದ್ದ ಜಾಗಕ್ಕಿಂತ ಮೇಲೆ, ಗಣೇಶಗುಡಿಯಲ್ಲಿ, 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ನಿಂತಿದೆ. ಅದರ ಹಿಂದೆ ಸುಮಾರು 145 ಟಿಎಂಸಿ ನೀರು ನಿಲ್ಲಬಲ್ಲದು. ಅಣೆಕಟ್ಟಿನ ಬುಡದಲ್ಲಿ ತಲಾ 50 ಮೆಗಾವ್ಯಾಟಿನ ಎರಡು ಟರ್ಬೈನುಗಳಿವೆ. ಅವು ತಿರುಗಿದಾಗ ಹೊರಬೀಳುವ ನೀರೇ ನಮ್ಮ ಅಲೆ. ಅಲ್ಲಿಂದ ಮುಂದೆ ಅದೇ ನೀರು ಬೊಮ್ಮನಹಳ್ಳಿ ಜಲಾಶಯ ಸೇರಿ, ಸುರಂಗದಲ್ಲಿ ಇಳಿದು ನಾಗಝರಿಯ ವಿದ್ಯುದಾಗಾರದಲ್ಲಿ ಮತ್ತೆ ದುಡಿಯುತ್ತದೆ. ಆಮೇಲೆ ಕೊಡಸಳ್ಳಿ, ಆಮೇಲೆ ಕದ್ರಾ. ಕದ್ರಾದ ಜಲಾಶಯದ ದಂಡೆಯಲ್ಲೇ ಕೈಗಾ ಅಣುಸ್ಥಾವರ. ಜೋಯಿಡಾ ತಾಲೂಕಿನ ಡಿಗ್ಗಿಯಲ್ಲಿ ಹುಟ್ಟಿ ಕಾರವಾರದಲ್ಲಿ ಕಡಲು ಸೇರುವ 184 ಕಿ.ಮೀ.ಗಳ ಈ ನದಿ, ಒಂದೇ ಜಿಲ್ಲೆಯಲ್ಲಿ ಹುಟ್ಟಿ ಅದೇ ಜಿಲ್ಲೆಯಲ್ಲಿ ಮುಗಿಯುವಷ್ಟು ಚಿಕ್ಕದು. ಆದರೂ ಇಷ್ಟು ಕಡೆ ದುಡಿದು ಹೋಗುತ್ತದೆ.

ಜಲವಿದ್ಯುತ್ತಿನ ಗುಣವೇ ಅದು. ಕಲ್ಲಿದ್ದಲಿನ ಘಟಕವನ್ನು ಬೇಕೆಂದಾಗ ಹಚ್ಚಿ ಬೇಡವೆಂದಾಗ ಆರಿಸಲು ಬರುವುದಿಲ್ಲ. ನೀರಿನ ಟರ್ಬೈನು ಕೆಲವೇ ನಿಮಿಷಗಳಲ್ಲಿ ಎದ್ದು ನಿಲ್ಲುತ್ತದೆ. ರಾಜ್ಯದಲ್ಲಿ ಬೇಡಿಕೆ ಏರಿದಾಗ, ಅಂದರೆ ಬೆಂಗಳೂರಿನ ಗೀಸರುಗಳು, ಹಳ್ಳಿಯ ಪಂಪ್‌ಸೆಟ್ಟುಗಳು ಒಟ್ಟಿಗೆ ಕೇಳಿದಾಗ, ಇಲ್ಲಿ ನೀರು ಬಿಡುತ್ತಾರೆ. ನಮ್ಮ ಕಸುಬಿನ ಭಾಷೆಯಲ್ಲಿ ಹೇಳುವುದಾದರೆ ಇದು ಲೋಡ್ ಬಂದಾಗ ಏಳುವ ಸರ್ವರ್. ಕಾಡಿನ ನಡುವೆ ಪ್ರಕೃತಿಯ ಮಡಿಲು ಎಂದು ನಾವು ಫೋಟೋ ಹಾಕುವ ಆ ಅಲೆ, ಯಾರೋ ದೂರದಲ್ಲಿ ಸ್ವಿಚ್ ಒತ್ತಿದ್ದಕ್ಕೆ ಎದ್ದದ್ದು.

ಗೈಡ್ ಇನ್ನೊಂದು ಮಾತು ಹೇಳಿದ. ಕೈಯಲ್ಲಿದ್ದ ಹುಟ್ಟನ್ನು ಮೇಲಿನ ಕಡೆಗೆ ಚಾಚಿ, 'ನಮ್ಮ ಅಜ್ಜನ ಮನಿ ಅಣೆಕಟ್ಟಿನ ಆಚಿಗೆ ಅದ ಸರ್, ನೀರಿನ ಅಡಿಗೆ' ಎಂದ. ಅವನು ಅದನ್ನು ನೋಡಿಲ್ಲ, ಅವನ ಅಪ್ಪ ನೋಡಿದ್ದಾನೆ. ಇಷ್ಟು ಹೇಳಿ ಮತ್ತೆ 'ಫಾರ್ವರ್ಡ್' ಎಂದು ಕೂಗಿದ, ಮುಂದಿನ ಇಳಿಜಾರು ಬಂದಿತ್ತು.

ಸಂಜೆ ಸೂಪಾದ ಹಿನ್ನೀರು ನೋಡಲು ಹೋದೆವು. ಗುಡ್ಡಗಳ ನಡುವೆ ಕಣ್ಣು ಹಾಯುವಷ್ಟು ದೂರ ನೀರು, ನಡುವೆ ನಡುಗಡ್ಡೆಗಳು. ಅವು ನಡುಗಡ್ಡೆಗಳಲ್ಲ, ಗುಡ್ಡದ ತುದಿಗಳು. ಅಕ್ಕಪಕ್ಕದ ಪ್ರವಾಸಿಗರು ಸೂರ್ಯಾಸ್ತಕ್ಕೆ ಫೋನ್ ಹಿಡಿದು ನಿಂತಿದ್ದರು, ನಾವೂ ನಿಂತೆವು. ಅವ್ವ ಬಹಳ ಹೊತ್ತು ಸುಮ್ಮನಿದ್ದು ಕೇಳಿದಳು: 'ತಮ್ಮಾ, ಇದರಾಗ ಎಷ್ಟ ಊರ ಅದಾವೋ?'

ಬೇರೆ ಯಾರಿಗಾದರೂ ಇದು ಮೊದಲ ಪ್ರಶ್ನೆಯಾಗಿ ಹೊಳೆಯಲಿಕ್ಕಿಲ್ಲ. ನಮ್ಮ ಮನೆಯಲ್ಲಿ ಹೊಳೆಯುತ್ತದೆ, ಯಾಕೆಂದರೆ ನಾವು ಮುಳುಗಡೆಯವರು. ಅವ್ವನ ತವರೂರು ಬಾಗಲಕೋಟೆ ತಾಲೂಕಿನಲ್ಲಿ ಘಟಪ್ರಭೆಯ ದಂಡೆಗೆ ಇತ್ತು. ಆಲಮಟ್ಟಿಯ ಹಿನ್ನೀರು ಅದನ್ನು ತೆಗೆದುಕೊಂಡಿತು. ನನಗೆ ಆಗ ಹದಿಮೂರೋ ಹದಿನಾಲ್ಕೋ. ಮನೆಯ ತೊಲೆ, ಬಾಗಿಲು ಬಿಚ್ಚಿ ಟ್ರ್ಯಾಕ್ಟರಿಗೆ ಹೇರಿದ್ದು ನೆನಪಿದೆ. ಪುನರ್ವಸತಿ ಕೇಂದ್ರದಲ್ಲಿ ಜಾಗ ಸಿಕ್ಕಿತು, ಹೊಲ ಮಾತ್ರ ಸಿಗಲಿಲ್ಲ. ಹೊಲ ಇಲ್ಲದ ಸೋದರಮಾವ ಪರಿಹಾರದ ಹಣದಲ್ಲಿ ತಂಗಿಯ ಮದುವೆ ಮಾಡಿ, ಉಳಿದದ್ದನ್ನು ಕಿಸೆಯಲ್ಲಿಟ್ಟುಕೊಂಡು ಭೋಸರಿಯ ಎಂಐಡಿಸಿಗೆ ಬಂದು ಲೇಥ್ ಮಶೀನಿನ ಮುಂದೆ ನಿಂತ. ಎಂಸಿಎ ಓದಲು ನಾನು ಪುಣೆಗೆ ಬಂದಾಗ ಇಳಿದುಕೊಂಡದ್ದು ಅವನ ಎರಡು ಖೋಲಿಯ ಮನೆಯಲ್ಲಿ. ನಾನು ಭೋಸರಿಯವನಾದದ್ದು ಹಾಗೆ. ಹತ್ತಿರದ ಚಾಳಿನಲ್ಲಿ ಕೇಳಿದರೆ ಇಂಥ ಇನ್ನೂ ನಾಲ್ಕು ಕಥೆ ಸಿಗುತ್ತವೆ.

ಆಲಮಟ್ಟಿಯ ನೀರಿನ ಮಟ್ಟ ಈಗ 519.60 ಮೀಟರ್; ಅದನ್ನು 524.256ಕ್ಕೆ ಏರಿಸುವ ಮಾತು ವರ್ಷಗಳಿಂದ ನಡೆದಿದೆ. ಏರಿದರೆ ಇನ್ನಷ್ಟು ಊರುಗಳು ಹೋಗುತ್ತವೆ. ಆ ನೀರಿನಿಂದ ಎಷ್ಟೋ ಒಣ ಹೊಲ ಹಸಿರಾಗುತ್ತದೆ ಎಂಬುದೂ ನಿಜ, ನಮ್ಮ ಬೀಗರ ಹೊಲ ಅದರಲ್ಲಿ ಸೇರಿದೆ. ಮುಳುಗಡೆಯವರ ಮನೆಯಲ್ಲಿ ಅಣೆಕಟ್ಟನ್ನು ಬೈಯುವವರು ಕಡಿಮೆ. ಕೇಳುವುದಿಷ್ಟೇ: ಯಾರು ಎಲ್ಲಿ ಇದ್ದರು ಎಂಬುದು ಯಾರಿಗಾದರೂ ನೆನಪಿರಲಿ.

ಮೂರನೆಯ ದಿನ ಪೋಟೋಲಿ, ಗುಂದ ದಾಟಿ ಉಳವಿಗೆ ಹೋದೆವು. ಕಾಡಿನ ನಡುವಿನ ತಣ್ಣನೆಯ ಗುಡಿ, ಡಿಸೆಂಬರಾದ್ದರಿಂದ ಜನ ಕಡಿಮೆ. ಅವ್ವ ಬಹಳ ಹೊತ್ತು ಕೂತಳು. ಹೊರಗೆ ಬಂದ ಮೇಲೆ ಕೂಡಲಸಂಗಮದ ಮಾತು ತೆಗೆದಳು. ನಾರಾಯಣಪುರದ ಹಿನ್ನೀರು ಬಂದಾಗ ಬಸವಣ್ಣನ ಐಕ್ಯಮಂಟಪದ ಸುತ್ತ ಬಾವಿಯ ಹಾಗೆ ಗೋಡೆ ಎಬ್ಬಿಸಿ ಅದನ್ನು ಉಳಿಸಿಕೊಂಡರು. ಈಗ ನೀರಿನ ನಡುವೆ ಮೆಟ್ಟಿಲಿಳಿದು ದರ್ಶನ ಮಾಡಬೇಕು. 'ಅಣ್ಣಗ ಸುತ್ತ ಗ್ವಾಡಿ ಕಟ್ಟಿ ಉಳಿಸ್ಯಾರ, ಅಳಿಯ ಇಲ್ಲಿ ಅಡವ್ಯಾಗ ಉಳದಾನ. ನಮ್ಮ ಮನೀಗೆ ಯಾರ ಗ್ವಾಡಿ ಕಟ್ಟತಾರ?' ಎಂದು ನಕ್ಕಳು. ಚನ್ನಬಸವಣ್ಣ ಬಸವಣ್ಣನ ಅಕ್ಕನ ಮಗ. ಆಕೆಯ ಲೆಕ್ಕದಲ್ಲಿ ಇದೆಲ್ಲ ಒಂದೇ ಮನೆತನದ ಸುದ್ದಿ.

ಪುಣೆಗೆ ಮರಳಿದ ಮೇಲೆ ನಮ್ಮ ಸುತ್ತಮುತ್ತಲೂ ಇದೇ ಲೆಕ್ಕ ಕಾಣತೊಡಗಿತು. ಪುಣೆಯವರು ಒಂದು ದಿನದ ರಾಫ್ಟಿಂಗಿಗೆ ಹೋಗುವುದು ರಾಯಗಡ ಜಿಲ್ಲೆಯ ಕೋಲಾಡಿಗೆ, ಕುಂಡಲಿಕಾ ನದಿಗೆ. ಅಲ್ಲೂ ಬೆಳಗ್ಗೆ ನೀರು ಬಿಟ್ಟ ಮೇಲೆಯೇ ರಾಫ್ಟ್ ಇಳಿಯುತ್ತದೆ. ಆ ನೀರು ಮುಳಶಿ ಅಣೆಕಟ್ಟಿನದು. ಘಟ್ಟ ಇಳಿದು ಭಿರಾ ವಿದ್ಯುದಾಗಾರದಲ್ಲಿ ಟರ್ಬೈನು ತಿರುಗಿಸಿ ಕುಂಡಲಿಕೆಗೆ ಬರುತ್ತದೆ. ಮುಳಶಿ ಕಣಿವೆಯ ರೈತರು ಆ ಅಣೆಕಟ್ಟಿನ ವಿರುದ್ಧ 1921ರಲ್ಲೇ ಸತ್ಯಾಗ್ರಹ ಹೂಡಿದ್ದರು. ಅದರ ಮುಂದಾಳತ್ವ ವಹಿಸಿದ ಪಾಂಡುರಂಗ ಮಹಾದೇವ ಬಾಪಟರಿಗೆ ಸೇನಾಪತಿ ಎಂಬ ಹೆಸರು ಬಂದದ್ದು ಆ ಹೋರಾಟದಿಂದ. ಪುಣೆಯ ಸೇನಾಪತಿ ಬಾಪಟ ರಸ್ತೆಯಲ್ಲಿ ಸಿಗ್ನಲಿಗೆ ಕಾಯುವ ನಮ್ಮಲ್ಲಿ ಎಷ್ಟು ಜನ ಇದನ್ನು ನೆನೆಯುತ್ತೇವೆ?

ಇನ್ನೂ ಹತ್ತಿರ ಬರುವುದಾದರೆ ನಮ್ಮ ನಲ್ಲಿ. ಪಿಂಪ್ರಿ-ಚಿಂಚವಾಡಕ್ಕೆ ನೀರು ಮುಖ್ಯವಾಗಿ ಬರುವುದು ಮಾವಳದ ಪವನಾ ಅಣೆಕಟ್ಟಿನಿಂದ. ಆ ನೀರನ್ನು ಮುಚ್ಚಿದ ಪೈಪಿನಲ್ಲಿ ನಗರಕ್ಕೆ ತರುವ ಯೋಜನೆಯನ್ನು ವಿರೋಧಿಸಿ ಮಾವಳದ ರೈತರು 2011ರ ಆಗಸ್ಟ್ 9ರಂದು ಮುಂಬಯಿ-ಪುಣೆ ಎಕ್ಸ್‌ಪ್ರೆಸ್‌ವೇಗೆ ಇಳಿದರು. ಪೊಲೀಸರ ಗೋಲಿಬಾರಿನಲ್ಲಿ ಮೂವರು ರೈತರು ಸತ್ತರು. ನೀರು ಕುಡಿಯುವವರೂ ನಾವೇ, ಊರು ಕಳಕೊಂಡು ಬಂದವರೂ ನಾವೇ. ಈ ಎರಡನ್ನೂ ಒಟ್ಟಿಗೆ ತಿಳಿದಿರುವುದು ನಮ್ಮಂಥ ವಲಸೆಯವರಿಗೆ ಕಷ್ಟವಾಗಬಾರದು.

ಹಾಗಾದರೆ ದಾಂಡೇಲಿಗೆ ಹೋಗಬಾರದೇ? ಖಂಡಿತ ಹೋಗಿ. ಆ ಗೈಡ್ ಹುಡುಗನ ಸಂಬಳ ನಮ್ಮಂಥವರು ಹೋದರೇ ಹುಟ್ಟುತ್ತದೆ, ಹೋಂಸ್ಟೇಯ ಒಲೆ ಉರಿಯುವುದೂ ಹಾಗೆಯೇ. ಹೋಗುವವರಿಗೆ ನನ್ನದು ಕೆಲವು ಮಾತು. ಮಳೆಗಾಲದಲ್ಲಿ ರಾಫ್ಟಿಂಗ್ ಇರುವುದಿಲ್ಲ. ನವೆಂಬರಿನಿಂದ ಫೆಬ್ರವರಿ ಹಿತವಾದ ಕಾಲ. ನೀರು ಬಿಡುವುದು ನಮ್ಮ ಕೈಯಲ್ಲೂ ಇಲ್ಲ, ರಾಫ್ಟಿನವರ ಕೈಯಲ್ಲೂ ಇಲ್ಲ. ಒಂದು ದಿನ ಹೆಚ್ಚು ಇಟ್ಟುಕೊಂಡು ಹೋಗಿ, ತಡವಾಯಿತೆಂದು ಅವರ ಮೇಲೆ ಹರಿಹಾಯಬೇಡಿ. ರಾಫ್ಟಿಗೆ ಎಷ್ಟು ಜನ ಎಂದು ಮೊದಲೇ ಕೇಳಿ, ಅದಕ್ಕಿಂತ ಹೆಚ್ಚು ಜನರನ್ನು ತುಂಬಿದರೆ ಹತ್ತಬೇಡಿ. ಜಾಕೆಟ್ಟಿನ ಪಟ್ಟಿಯನ್ನು ನೀವೇ ಎಳೆದು ನೋಡಿ. ಬರುವಾಗ ಒಂದೆರಡು ಕಿಲೋ ಗಡ್ಡೆ ತನ್ನಿ. ರಾಮನಗರದಲ್ಲಿ ಚಹಾ ಕುಡಿಯುವಾಗ ಪಕ್ಕದಲ್ಲಿ ಕೂತ ಹಿರಿಯರನ್ನು 'ನಿಮ್ಮದು ಮೊದಲು ಯಾವ ಊರು?' ಎಂದು ಕೇಳಿ ನೋಡಿ. ಮಾತು ಬೇಗ ಮುಗಿಯಲಿಕ್ಕಿಲ್ಲ.

ಹೋಗಿ ಬಂದ ಮೇಲಿನ ಭಾನುವಾರ ಸೋದರಮಾವನ ಮನೆಗೆ ಉಳವಿಯ ಪ್ರಸಾದ ಕೊಡಲು ಹೋದೆ. ಮಗ ರಾಫ್ಟಿನ ವಿಡಿಯೋ ತೋರಿಸಿದ, ಮಂಗಟ್ಟೆಯ ಫೋಟೋ ತೋರಿಸಿದ. ಮಾವ ಎಲ್ಲ ನೋಡಿದ. ಲೇಥಿನ ಕೆಲಸ ಬಿಟ್ಟು ಮೂರು ವರ್ಷವಾದರೂ, ಮಳೆಗಾಲದಲ್ಲಿ ಬೆಳಗ್ಗೆ ಎದ್ದು ಫೋನಿನಲ್ಲಿ ಮೊದಲು ನೋಡುವುದು ಆಲಮಟ್ಟಿಯ ಮಟ್ಟವನ್ನೇ. ಹಿನ್ನೀರಿನ ಫೋಟೋ ಬಂದಾಗ ಮಗನ ಕೈಯಿಂದ ಫೋನ್ ತೆಗೆದುಕೊಂಡು ದೊಡ್ಡದು ಮಾಡಿ ದಂಡೆಯನ್ನು ನೋಡಿದ. ನೀರು ಇಳಿದ ಕಡೆ ಮಣ್ಣಿನ ಮೇಲೆ ಉಳಿದ ಗೆರೆಗಳನ್ನು ಬೆರಳಿನಿಂದ ಎಣಿಸಿದ.

'ಇನ್ನೂ ಭಾಳ ನೀರ ಐತಿ' ಎಂದ. ಆಮೇಲೆ, 'ಮುಂದಿನ ಸಲ ನಾನೂ ಬರತೀನಿ. ಹೊಳ್ಯಾಗ ಇಳಿಯೂದು ಬ್ಯಾಡ, ಆ ರಾಮನಗರದಾಗ ಒಂದ ದಿನ ಇರೂಣು' ಎಂದ. ಮಾಘದ ಜಾತ್ರೆಯ ತಾರೀಕು ನೋಡಿ ರಜೆ ಹಾಕಿದ್ದೇನೆ. ಕಾರಿನಲ್ಲಿ ಈಗ ಐದು ಜನ.